ಉಪ್ಪು ನೆಕ್ಕಿದ ಹೆಣ

ಸತ್ತವರು ಎದ್ದು ಬಂದು ಬದುಕಿರುವವರನ್ನು ಕಚ್ಚತೊಡಗಿದರೆ ಅವರನ್ನು ತಡೆಯಲು ಮೊದಲು ಯಾರನ್ನು ಕಳಿಸಬೇಕು? ಪ್ರಶ್ನೆ ಮಕ್ಕಳಾಟದಂತೆ ಕೇಳಿಸುತ್ತದೆ. ಆದರೆ ಅಮೆರಿಕದ ಕಪ್ಪು ಲೇಖಕಿ ಜಸ್ಟಿನಾ ಐರ್ಲೆಂಡ್ ಈ ಮಕ್ಕಳಾಟವನ್ನು ಗಂಭೀರವಾಗಿ ತೆಗೆದುಕೊಂಡು 2018ರಲ್ಲಿ ಹದಿಹರೆಯದವರಿಗಾಗಿ ‘ಡ್ರೆಡ್ ನೇಷನ್’ ಎಂಬ ಕಾದಂಬರಿ ಬರೆದರು. 1863ರ ಜುಲೈನಲ್ಲಿ ಗೆಟಿಸ್‌ಬರ್ಗ್ ಎಂಬಲ್ಲಿ ಅಮೆರಿಕದ ಅಂತರ್ಯುದ್ಧದ ದೊಡ್ಡ ಕದನ ನಡೆಯಿತಲ್ಲ, ಅಲ್ಲಿಯವರೆಗೆ ಚರಿತ್ರೆ ಇದ್ದ ಹಾಗೆಯೇ ಇದೆ. ಅಲ್ಲಿಂದ ಕತೆಗಾರ್ತಿಯ ಕೈ ಶುರು. ಕದನದಲ್ಲಿ ಸತ್ತ ಸೈನಿಕರು ಎದ್ದು ನಿಂತು ತಮ್ಮ ಜೊತೆಗಾರರನ್ನೇ ತಿನ್ನತೊಡಗುತ್ತಾರೆ. ಉತ್ತರ ಮತ್ತು ದಕ್ಷಿಣದ ಸೇನೆಗಳು ಪರಸ್ಪರ ಹೊಡೆದಾಟ ನಿಲ್ಲಿಸಿ ಈ ಹೆಣಗಳ ವಿರುದ್ಧ ಒಂದಾಗುತ್ತವೆ. ಗುಲಾಮಗಿರಿ ಕಾಗದದ ಮೇಲೆ ಕೊನೆಗೊಳ್ಳುತ್ತದೆ. ಬಳಿಕ ಒಂದು ಕಾಯ್ದೆ ಬರುತ್ತದೆ. ಕಪ್ಪು ಜನರ ಮತ್ತು ಮೂಲನಿವಾಸಿಗಳ ಮಕ್ಕಳೆಲ್ಲ ಕಡ್ಡಾಯವಾಗಿ ಯುದ್ಧಶಾಲೆಗೆ ಸೇರಬೇಕು, ಕುಡುಗೋಲು ಬಂದೂಕು ಹಿಡಿಯಲು ಕಲಿಯಬೇಕು, ಹೆಣಗಳಿಗೂ ಬಿಳಿಯರಿಗೂ ನಡುವೆ ನಿಲ್ಲಬೇಕು. ಕಥಾನಾಯಕಿ ಜೇನ್ ಮೆಕೀನ್ ಹೆಣಗಳು ಎದ್ದ ದಿನಗಳಲ್ಲೇ ಹುಟ್ಟಿದವಳು. ಬಾಲ್ಟಿಮೋರ್ ನಗರದ ಇಂಥ ಒಂದು ಶಾಲೆಯಲ್ಲಿ ಓದುತ್ತಾಳೆ. ಚೆನ್ನಾಗಿ ಪಾಸಾದರೆ ಅವಳಿಗೆ ಸಿಗುವ ದೊಡ್ಡ ಭಾಗ್ಯವೆಂದರೆ ಯಾವುದೋ ಶ್ರೀಮಂತ ಬಿಳಿ ಹೆಂಗಸಿನ ಬೆಂಗಾವಲಿಗೆ ನಿಲ್ಲುವುದು.

ವಿಪತ್ತು ಬಂದಾಗ ಮನುಷ್ಯರು ಭೇದ ಮರೆತು ಒಂದಾಗುತ್ತಾರೆ ಎಂಬ ಮಾತನ್ನು ನಾವೆಲ್ಲ ಕೇಳಿ ಬೆಳೆದವರು. ಪ್ರವಾಹದಲ್ಲಿ ಹಾವೂ ಇಲಿಯೂ ಒಂದೇ ಮರದ ಕೊಂಬೆ ಹಿಡಿದು ಕೂರುತ್ತವೆ ಎನ್ನುತ್ತಾರೆ. ಈ ಕಾದಂಬರಿ ಅದನ್ನು ನಂಬುವುದಿಲ್ಲ. ವಿಪತ್ತು ಹಳೆಯ ಮೇಲು ಕೀಳನ್ನು ಅಳಿಸುವುದಿಲ್ಲ, ಅದಕ್ಕೆ ಹೊಸ ಕೆಲಸ ಹಂಚುತ್ತದೆ ಎನ್ನುತ್ತದೆ. ನಿನ್ನೆ ಹತ್ತಿ ಬಿಡಿಸುತ್ತಿದ್ದ ಕೈಗೆ ಇಂದು ಕುಡುಗೋಲು ಬಂತು, ಅಷ್ಟೇ. ಕಾದಂಬರಿಯಲ್ಲಿ ಒಂದು ಭೀಕರ ಪ್ರಸಂಗವಿದೆ. ಹೆಣಗಳ ಕಡಿತಕ್ಕೆ ಲಸಿಕೆ ಕಂಡುಹಿಡಿದೆನೆಂದು ಹೇಳುವ ಒಬ್ಬ ಪ್ರೊಫೆಸರ್ ಅದನ್ನು ತುಂಬಿದ ಸಭೆಯಲ್ಲಿ ಪರೀಕ್ಷಿಸಿ ತೋರಿಸುತ್ತಾನೆ. ಪರೀಕ್ಷೆಗೆ ಒಡ್ಡುವುದು ಒಬ್ಬ ಕಪ್ಪು ಮನುಷ್ಯನನ್ನು. ಇದು ಉತ್ಪ್ರೇಕ್ಷೆ ಎನ್ನುವವರು ಟಸ್ಕೀಗಿಯನ್ನು ನೆನೆಯಬೇಕು. ಅಲಬಾಮಾದ ಆ ಊರಿನಲ್ಲಿ 1932ರಿಂದ 1972ರವರೆಗೆ, ನಲವತ್ತು ವರ್ಷ, ಅಮೆರಿಕದ ಸರಕಾರಿ ಆರೋಗ್ಯ ಇಲಾಖೆ ಸಿಫಿಲಿಸ್ ತಗುಲಿದ ನೂರಾರು ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತ ಕೂತಿತ್ತು.

ಅಷ್ಟು ದೂರವೇಕೆ, ನಮ್ಮ ರಾಮನಗರಕ್ಕೇ ಬರೋಣ. 2020ರ ಏಪ್ರಿಲ್ 19ರ ರಾತ್ರಿ ಬೆಂಗಳೂರಿನ ಪಾದರಾಯನಪುರದಲ್ಲಿ, ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಕ್ವಾರಂಟೈನ್‌ಗೆ ಕರೆದೊಯ್ಯಲು ಹೋದ ಆರೋಗ್ಯ ಸಿಬ್ಬಂದಿ ಮತ್ತು ಪೊಲೀಸರ ಮೇಲೆ ಗುಂಪೊಂದು ಮುಗಿಬಿತ್ತು. ಬ್ಯಾರಿಕೇಡ್ ಕಿತ್ತಿತು, ಕುರ್ಚಿ ಮೇಜು ಒಡೆಯಿತು. ಅದು ತಪ್ಪು. ಬಡತನ, ಭಯ, ವದಂತಿ ಎಂದು ಏನೇ ಕಾರಣ ಕೊಟ್ಟರೂ, ಬೇರೆಯವರ ಜೀವ ಉಳಿಸಲು ಬಂದ ಹೆಂಗಸಿನ ಮೇಲೆ ಕೈ ಎತ್ತಿದ್ದಕ್ಕೆ ಸಮರ್ಥನೆ ಇಲ್ಲ. ಆದರೆ ಆಮೇಲೆ ನಡೆದದ್ದನ್ನು ಗಮನಿಸಿ. ಬಂಧಿತರಾದ ನೂರಕ್ಕೂ ಹೆಚ್ಚು ಮಂದಿಯನ್ನು ಬಸ್ಸುಗಳಲ್ಲಿ ತುಂಬಿ ರಾಮನಗರದ ಜೈಲಿಗೆ ತಂದರು. ಅವರಿಗೆ ಜಾಗ ಮಾಡಲು ಅಲ್ಲಿದ್ದ ಕೈದಿಗಳನ್ನು ಬೆಂಗಳೂರಿಗೆ ಸಾಗಿಸಿದರು. ಆಗ ರಾಮನಗರ ಜಿಲ್ಲೆಯಲ್ಲಿ ಒಂದೂ ಕೊರೋನಾ ಪ್ರಕರಣ ಇರಲಿಲ್ಲ, ಹಸಿರು ವಲಯ. ಅಂದು ಚನ್ನಪಟ್ಟಣದ ಶಾಸಕರಾಗಿದ್ದ ಕುಮಾರಸ್ವಾಮಿಯವರು ಮೊದಲೇ ವಿರೋಧಿಸಿದ್ದರು. ನಾಲ್ಕೈದು ದಿನಗಳಲ್ಲಿ ಬಂಧಿತರ ಪೈಕಿ ಐವರಿಗೆ ಸೋಂಕು ಇರುವುದು ಗೊತ್ತಾಯಿತು. ಎಲ್ಲರನ್ನೂ ಮತ್ತೆ ಬಸ್ಸು ಹತ್ತಿಸಿ ಬೆಂಗಳೂರಿನ ಹಜ್ ಭವನಕ್ಕೆ ಒಯ್ದರು. ಹೆದರಿದ ರಾಮನಗರದ ಜನರನ್ನು ನಾನು ಬಯ್ಯಲಾರೆ. ಅವರ ಹೆದರಿಕೆಗೆ ಕಾರಣವಿತ್ತು. ಸೋಂಕಿನ ಶಂಕೆ ಇರುವ ನೂರು ಜನರನ್ನು ಒಂದೇ ಗೋಡೆಯೊಳಗೆ ಒತ್ತಿಟ್ಟರೆ ಸೋಂಕಿಲ್ಲದವನ ಗತಿ ಏನು ಎಂದು ಕೇಳಿದವರು ಮಾತ್ರ ತೀರ ಕಡಿಮೆ. ಕೋರ್ಟು ಇನ್ನೂ ಏನೂ ಹೇಳದಿದ್ದ ಆ ಜನರ ಜೀವವೂ ಜೀವವೇ ಎಂಬ ಮಾತು ಚರ್ಚೆಯ ಹೊರಗೇ ಉಳಿಯಿತು. ಟಿವಿಯವರು ‘ಹೊಕ್ಕಿದ್ದಾರೆ’, ‘ಹರಡುತ್ತಿದ್ದಾರೆ’ ಎಂಬ ಕ್ರಿಯಾಪದಗಳನ್ನು ಮನುಷ್ಯರಿಗೆ ಬಳಸತೊಡಗಿದ್ದು ಆಗಲೇ. ಅವು ವೈರಾಣುವಿಗೆ ಬಳಸುವ ಕ್ರಿಯಾಪದಗಳು.

ಆ ವಾರ ನನ್ನ ಆಪಾನ ಮಗ ಬಿಡದಿಯಲ್ಲಿದ್ದ. ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಘಟಕದಲ್ಲಿ ಗುತ್ತಿಗೆ ಕೆಲಸಗಾರ. ಲಾಕ್‌ಡೌನ್ ಆಗಿ ಘಟಕ ಮುಚ್ಚಿತ್ತು. ಕೊಠಡಿಯ ಬಾಡಿಗೆ ಮಾತ್ರ ಮುಚ್ಚಿರಲಿಲ್ಲ. ಮನೆಯ ಯಜಮಾನಿ ಒಳ್ಳೆಯ ಹೆಂಗಸು. ಅವನು ಜ್ವರದಿಂದ ಮಲಗಿದ್ದಾಗ ಗಂಜಿ ಕಾಯಿಸಿ ಕೊಟ್ಟವರು. ಅವರೇ ಬಾಗಿಲಲ್ಲಿ ನಿಂತು, "ತಮ್ಮಾ, ನಿನ್ ಮೇಲೆ ನಂಗೇನೂ ಇಲ್ಲಪ್ಪ. ನೀನು ಒಳ್ಳೆಯವ್ನು ಅಂತ ನಂಗೊತ್ತು. ಆದ್ರೆ ಬೀದಿಯವ್ರು ಕೇಳ್ತಾರೆ, ಸ್ವಲ್ಪ ದಿನ ಎಲ್ಲಾದ್ರೂ ಇದ್ದು ಬಾ" ಎಂದರಂತೆ. ಎಲ್ಲಿಗೆ ಹೋಗುವುದು? ಬಸ್ಸಿಲ್ಲ, ರೈಲಿಲ್ಲ. ಅವನು ಹೋಗಲಿಲ್ಲ, ಅವರೂ ಮತ್ತೆ ಹೇಳಲಿಲ್ಲ. ಆ ‘ಆದ್ರೆ’ ಎಂಬ ಶಬ್ದ ಮಾತ್ರ ನನ್ನನ್ನು ಬಹಳ ದಿನ ಕಾಡಿತು. ‘ನೀನು ಒಳ್ಳೆಯವನು’ ಎಂಬುದು ಒಬ್ಬ ವ್ಯಕ್ತಿಗೆ ಹೇಳಿದ ಮಾತು. ‘ಆದ್ರೆ’ ಆದ ಮೇಲಿನದು ಒಂದು ಗುಂಪಿಗೆ ಹೇಳಿದ್ದು. ಒಂದೇ ವಾಕ್ಯದ ನಡುವೆ ಹುಡುಗ ತನ್ನ ಹೆಸರು ಕಳೆದುಕೊಂಡು ಗುಂಪಾಗಿಬಿಟ್ಟ.

ಹೆಣಗಳ ಕತೆ ಇಷ್ಟು ಜನಪ್ರಿಯವಾಗಲು ಕಾರಣ ಇಲ್ಲೇ ಎಲ್ಲೋ ಇದೆ. ಸಿನಿಮಾದ ಜೋಂಬಿಯನ್ನು ಕೊಂದರೆ ಪಾಪವಿಲ್ಲ. ಅದಕ್ಕೆ ಹೆಸರಿಲ್ಲ, ಅಮ್ಮನಿಲ್ಲ, ಅದರೊಡನೆ ಮಾತಾಡಿ ಪ್ರಯೋಜನವಿಲ್ಲ. ಎಷ್ಟು ಸಾವಿರ ಕೊಂದರೂ ನಾಯಕನ ನಿದ್ದೆ ಕೆಡುವುದಿಲ್ಲ. ಜನಾಂಗದ್ವೇಷಕ್ಕೆ ಬೇಕಾದದ್ದೂ ಇಂಥದೇ ಒಂದು ಜೀವಿ. ನಿಜವಾದ ಮನುಷ್ಯರಲ್ಲಿ ಅಂಥದು ಸಿಗುವುದಿಲ್ಲವಾದ್ದರಿಂದ ಮೊದಲು ಅದನ್ನು ತಯಾರು ಮಾಡಬೇಕಾಗುತ್ತದೆ. 1968ರಲ್ಲಿ ಜಾರ್ಜ್ ರೊಮೆರೊ ತೆಗೆದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಸಿನಿಮಾದಲ್ಲಿ ರಾತ್ರಿಯಿಡೀ ಹೆಣಗಳ ವಿರುದ್ಧ ಹೋರಾಡಿ ಉಳಿದುಕೊಂಡ ಕಪ್ಪು ನಾಯಕನನ್ನು ಬೆಳಗಾದ ಮೇಲೆ ರಕ್ಷಿಸಲು ಬಂದ ಬಂದೂಕುಧಾರಿಗಳೇ ಹೆಣವೆಂದು ತಿಳಿದು ಹೊಡೆದು ಹಾಕುತ್ತಾರೆ. ಕಿಟಕಿಯಲ್ಲಿ ಕಂಡದ್ದು ಅವರಿಗೆ ಮನುಷ್ಯನಾಗಿ ಕಾಣಲಿಲ್ಲ.

ನಮ್ಮಲ್ಲಿ ಎದ್ದ ಹೆಣದ ಕತೆ ಇಲ್ಲವೇ? ಚಂದಮಾಮ ಓದಿದವರಿಗೆಲ್ಲ ಬೇತಾಳ ಗೊತ್ತು. ಆದರೆ ನಮ್ಮ ಬೇತಾಳ ಪ್ರಶ್ನೆ ಕೇಳುವ ಹೆಣ. ಹೊತ್ತು ನಡೆಯುವ ಕೆಲಸ ರಾಜನದು, ನ್ಯಾಯದ ಚರ್ಚೆ ಹೆಣದ್ದು! ಉರ್ದುವಿನಲ್ಲಿ ‘ಜಿಂದಾ ಲಾಶ್’ ಎನ್ನುತ್ತೇವೆ, ದುಃಖದಿಂದ ಕಲ್ಲಾದವರನ್ನು. ಇವೆರಡೂ ಜೋಂಬಿ ಅಲ್ಲ. ಜೋಂಬಿ ಹುಟ್ಟಿದ್ದು ಹೈಟಿಯಲ್ಲಿ, ಫ್ರೆಂಚರ ಕಬ್ಬಿನ ಗದ್ದೆಗಳಲ್ಲಿ, ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ನಡುವೆ. ಆ ಗುಲಾಮರು 1791ರಲ್ಲಿ ದಂಗೆಯೆದ್ದು 1804ರಲ್ಲಿ ಸ್ವತಂತ್ರ ದೇಶ ಕಟ್ಟಿಕೊಂಡರು. ಆದರೂ ಭಯ ಉಳಿಯಿತು. ಹೈಟಿಯವನ ಭಯ ಜೋಂಬಿ ತನ್ನನ್ನು ತಿಂದೀತು ಎಂಬುದಲ್ಲ. ತಾನೇ ಜೋಂಬಿಯಾದೇನು ಎಂಬುದು. ಗುಲಾಮನಿಗೆ ಸಾವೊಂದೇ ಬಿಡುಗಡೆ. ಸತ್ತ ಮೇಲೂ ಯಾರೋ ಮಂತ್ರವಾದಿ ಎಬ್ಬಿಸಿ ಮತ್ತೆ ಗದ್ದೆಗೆ ಅಟ್ಟಿದರೆ? ಕೊನೆಯಿಲ್ಲದ ದುಡಿಮೆ. ಇದೇ ಜೋಂಬಿಯ ಮೂಲ ಅರ್ಥ. ಕಚ್ಚುವ, ತಿನ್ನುವ, ಸೋಂಕು ಹರಡುವ ಹೆಣ ಆಮೇಲೆ ಅಮೆರಿಕದ ಸಿನಿಮಾದವರು ಸೇರಿಸಿದ್ದು. ದುಡಿಯುವವನ ಭಯವನ್ನು ತೆಗೆದು ಯಜಮಾನನ ಭಯವನ್ನು ಅಲ್ಲಿ ಕೂರಿಸಿದರು.

ಹೈಟಿಯನ್ನು ಅಮೆರಿಕ 1915ರಿಂದ 1934ರವರೆಗೆ ಸೇನೆ ಇಟ್ಟು ಆಳಿತು. ಆ ಕಾಲದಲ್ಲಿ ಅಲ್ಲಿಗೆ ಹೋಗಿದ್ದ ವಿಲಿಯಂ ಸೀಬ್ರೂಕ್ ಎಂಬ ಬಿಳಿಯ ಪ್ರವಾಸಿ 1929ರಲ್ಲಿ ಬರೆದ ‘ದಿ ಮ್ಯಾಜಿಕ್ ಐಲ್ಯಾಂಡ್’ ಪುಸ್ತಕದಲ್ಲಿ ಕೇಳಿದ ಕತೆಯೊಂದನ್ನು ದಾಖಲಿಸಿದ್ದಾನೆ. ದೊಡ್ಡ ಸಕ್ಕರೆ ಕಂಪನಿಗೆ ಕಬ್ಬು ಕಡಿಯಲು ಜನ ಬೇಕಾಗಿತ್ತು. ಒಬ್ಬ ಮೇಸ್ತ್ರಿ ಚಿಂದಿ ಉಟ್ಟ, ಮಂಕು ಕಣ್ಣಿನ ಒಂದು ಗುಂಪನ್ನು ಕರೆತಂದ. ಹೆಸರು ಕೇಳಿದರೆ ಉತ್ತರವಿಲ್ಲ. ಬೆಟ್ಟದ ಜನ, ಭಾಷೆ ಬಾರದು ಎಂದ ಮೇಸ್ತ್ರಿ. ಅವರು ಬಿಸಿಲಲ್ಲಿ ದನಗಳಂತೆ ದುಡಿದರು, ಕೂಲಿಯನ್ನು ಮೇಸ್ತ್ರಿ ಎಣಿಸಿಕೊಂಡ. ಅವರಿಗೆ ಉಪ್ಪಿಲ್ಲದ ಗಂಜಿಯನ್ನೇ ಕೊಡಬೇಕು ಎಂಬುದು ಕಟ್ಟಳೆ. ಒಂದು ದಿನ ಮೇಸ್ತ್ರಿಯ ಹೆಂಡತಿಗೆ ಕನಿಕರ ಬಂದು ಪೇಟೆಯ ಮಿಠಾಯಿ ತಿನ್ನಿಸಿದಳು. ಅದರಲ್ಲಿ ಹಾಕಿದ್ದ ಬೀಜಗಳಿಗೆ ಉಪ್ಪು ಹಚ್ಚಿತ್ತು. ಉಪ್ಪಿನ ರುಚಿ ನಾಲಿಗೆಗೆ ಹತ್ತಿದ್ದೇ ತಡ, ಅವರಿಗೆ ತಾವು ಯಾರು, ತಮಗೆ ಏನಾಗಿದೆ ಎಂಬುದೆಲ್ಲ ನೆನಪಾಯಿತು. ಚೀರುತ್ತ ಎದ್ದು ಬೆಟ್ಟದ ದಾರಿ ಹಿಡಿದರು. ತಮ್ಮ ಊರಿನ ಗೋರಿಗಳನ್ನು ತಲುಪಿ ಅಲ್ಲೇ ಬಿದ್ದರು.

ಈ ಉಪ್ಪನ್ನು ನೋಡಿ. ಕನ್ನಡದಲ್ಲಿ ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆಯಬೇಕು. ಉರ್ದುವಿನಲ್ಲಿ ನಮಕ್ ಹಲಾಲ್, ನಮಕ್ ಹರಾಮ್. ಉಪ್ಪು ಎಂದರೆ ನಮಗೆ ಋಣ, ನಿಷ್ಠೆ, ಯಜಮಾನನ ಕಡೆಗೆ ತಗ್ಗಿದ ತಲೆ. ಹೈಟಿಯ ಗುಲಾಮನಿಗೆ ಉಪ್ಪು ಎಂದರೆ ತನ್ನ ನೆನಪು. ನಮ್ಮಲ್ಲಿ ಉಪ್ಪು ತಿಂದವನು ಮನೆ ಬಿಡಬಾರದು, ಅಲ್ಲಿ ಉಪ್ಪು ತಿಂದವನು ಗದ್ದೆಯಲ್ಲಿ ನಿಲ್ಲಲಾರ. ಅನ್ನ ಕೊಟ್ಟವರ ಋಣ ಎಂಬ ಮಾತು ಸುಳ್ಳಲ್ಲ, ನಾನೂ ಆ ಋಣದಲ್ಲೇ ಬೆಳೆದವನು. ಆದರೆ ದುಡಿದು ತಿಂದ ಉಪ್ಪು ಯಾರದು? ಕೂಲಿ ಕೊಟ್ಟವನದೋ, ಬೆವರಿಗೆ ಉಪ್ಪು ಸುರಿಸಿದವನದೋ? ನಮ್ಮ ಗಾದೆಗಳು ಕೊಟ್ಟವರ ಮನೆಯಲ್ಲಿ ಹುಟ್ಟಿದವು ಎಂದು ನನ್ನ ಗುಮಾನಿ.

ಬಿಡದಿ ಇಪ್ಪತ್ತೈದು ವರ್ಷಗಳ ಹಿಂದೆ ತಟ್ಟೆ ಇಡ್ಲಿಯ ಊರು. 1999ರ ಕೊನೆಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್ ಗಾಡಿಗಳು ಹೊರಬರತೊಡಗಿದ ಮೇಲೆ ಅದರ ಭೂಪಟವೇ ಬದಲಾಯಿತು. ರಾಗಿ ಹೊಲ, ಹಿಪ್ಪುನೇರಳೆ ತೋಟಗಳಿದ್ದ ಕಡೆ ಶೆಡ್ಡುಗಳು, ಶಿಫ್ಟ್ ಬಸ್ಸುಗಳು, ಒಂದೊಂದು ಕೊಠಡಿಯಲ್ಲಿ ಆರಾರು ಮಂದಿ ಬಿಹಾರ ಒಡಿಶಾದ ಹುಡುಗರು. ಕೆಲಸ ಸಿಕ್ಕಿತು, ಸಾಲ ತೀರಿತು, ಹಲವು ಮನೆಗಳ ಹೆಣ್ಣುಮಕ್ಕಳ ಮದುವೆಯಾಯಿತು. ಇದನ್ನು ಅಲ್ಲಗಳೆಯುವ ವಿಮರ್ಶಕ ಬಡತನ ನೋಡಿದವನಲ್ಲ. 2020ರ ನವೆಂಬರ್‌ನಲ್ಲಿ ಅದೇ ಟೊಯೊಟಾ ಕಾರ್ಖಾನೆಯಲ್ಲಿ ಒಬ್ಬ ಕಾರ್ಮಿಕ ಮುಖಂಡರ ಅಮಾನತಿನಿಂದ ಶುರುವಾದ ಜಗಳ ತಿಂಗಳುಗಟ್ಟಲೆ ನಡೆಯಿತು. ಕೆಲಸದ ವೇಗ, ಒತ್ತಡ ಮಿತಿಮೀರಿದೆ ಎಂಬುದು ಸಂಘದ ದೂರು. ಧರಣಿ ಕಾನೂನುಬಾಹಿರ, ಶಿಸ್ತು ಮುರಿದಿದೆ ಎಂಬುದು ಆಡಳಿತದ ವಾದ. ನವೆಂಬರ್ 10ರಂದು ಲಾಕೌಟ್. ಸರಕಾರ ಮುಷ್ಕರವನ್ನೂ ಲಾಕೌಟನ್ನೂ ಎರಡನ್ನೂ ನಿಷೇಧಿಸಿತು. ಒಳಗೆ ಬರುವವರು ಒಬ್ಬೊಬ್ಬರಾಗಿ ಮುಚ್ಚಳಿಕೆಗೆ ಸಹಿ ಹಾಕಬೇಕು ಎಂದಿತು ಆಡಳಿತ. 2021ರ ಮಾರ್ಚ್ ಹೊತ್ತಿಗೆ ಮುಷ್ಕರ ಮುಗಿಯಿತು. ಯಾರು ಸರಿ ಎಂದು ತೀರ್ಪು ಕೊಡುವುದು ಇಲ್ಲಿ ನನ್ನ ಕೆಲಸವಲ್ಲ. ನನ್ನ ಗಮನ ಹೋದದ್ದು ಆ ಮುಚ್ಚಳಿಕೆಯ ಕಡೆಗೆ. ಕೆಲಸ ಮಾಡುತ್ತೇನೆ ಎಂಬ ಒಪ್ಪಂದ ಮೊದಲೇ ಇತ್ತು. ಮತ್ತೆ ಬೇಕಾದದ್ದು ನಡತೆಯ ಭರವಸೆ.

ಹೆಣಗಳ ಈ ಕತೆಯನ್ನೆಲ್ಲ ನಾನು ಆಪಾನ ಮಗನಿಗೆ ಹೇಳಿದೆ. ರಾತ್ರಿ ಪಾಳಿ ಮುಗಿಸಿ ಬಂದವನು ಕೇಳುತ್ತ ಕೇಳುತ್ತ ರೇಗಿದ. "ಹಾಗಾದ್ರೆ ನಾವೆಲ್ಲ ಹೆಣ ಅಂತೀರಾ ಮಾಮು? ನೀವು ಕೂತು ಬರೀತೀರಿ, ನಾವು ನಿಂತು ಮಾಡ್ತೀವಿ, ಅಷ್ಟೇ ಫರಕು. ನಾನು ಹಾಕಿದ ಬೋಲ್ಟ್ ಎಷ್ಟು ಬಿಗಿ ಇದೆ ಅಂತ ನಂಗೆ ಗೊತ್ತು." ಅವನ ಮಾತಿನಲ್ಲಿ ಈ ವಿಷಯದ ತಿರುಳೇ ಇತ್ತು. ದುಡಿಯುವವರನ್ನು ಜೋಂಬಿ ಎಂದು ಕರೆಯುವುದು ಓದಿದವರ ಅಹಂಕಾರ. ಅದೂ ಒಂದು ಬಗೆಯ ಜನಾಂಗದ್ವೇಷವೇ. ಹೈಟಿಯ ಗುಲಾಮ ಜೋಂಬಿಯ ಕತೆ ಕಟ್ಟಿದ್ದು ತಾನು ಜೋಂಬಿ ಅಲ್ಲ ಎಂದು ಗೊತ್ತಿದ್ದರಿಂದ. ಹೆಣ ತನ್ನ ಬಗ್ಗೆ ಕತೆ ಹೇಳಿಕೊಳ್ಳುವುದಿಲ್ಲ. ಸೀಬ್ರೂಕ್‌ನ ಕತೆಯಲ್ಲಿ ನಿಜಕ್ಕೂ ಸತ್ತಿರುವುದು ಏನು ಎಂದು ಕೇಳಿದರೆ ನಾನು ಹೇಳುವುದು, ಹೆಸರು ಕೇಳಿ ಉತ್ತರ ಬರದಿದ್ದಾಗ ಕೂಲಿ ಲೆಕ್ಕ ಬರೆದುಕೊಂಡು ಮುಂದೆ ಹೋದ ಗುಮಾಸ್ತನ ಕಿವಿ. ‘ಡ್ರೆಡ್ ನೇಷನ್’ನಲ್ಲೂ ಸಮರ್‌ಲ್ಯಾಂಡ್ ಎಂಬ ಗೋಡೆ ಕಟ್ಟಿದ ಊರಿದೆ. ಅಲ್ಲಿ ಕಪ್ಪು ಜನ ಗೋಡೆ ಕಾಯುತ್ತಾರೆ, ಬಿಳಿಯರ ಬೀದಿಗೆ ವಿದ್ಯುತ್ ದೀಪ ಉರಿಯುತ್ತದೆ. ಆ ವಿದ್ಯುತ್ತು ಎಲ್ಲಿಂದ ಎಂದರೆ, ಹಿಡಿದು ತಂದ ಹೆಣಗಳನ್ನು ತಿರುಗುವ ಪಟ್ಟಿಯ ಮೇಲೆ ಹಗಲಿರುಳು ನಡೆಸಿ. ಸಿನಿಮಾದವರು ಕಳೆದುಹಾಕಿದ್ದ ಹೈಟಿಯ ಅರ್ಥವನ್ನು ಲೇಖಕಿ ಅಲ್ಲಿ ಸದ್ದಿಲ್ಲದೆ ಮರಳಿ ತಂದಿದ್ದಾರೆ.

ಆ ಯುದ್ಧಶಾಲೆಗಳೂ ಪೂರ್ತಿ ಕಲ್ಪನೆಯಲ್ಲ. 1879ರಲ್ಲಿ, ಗೆಟಿಸ್‌ಬರ್ಗ್ ಇರುವ ಪೆನ್ಸಿಲ್ವೇನಿಯಾ ರಾಜ್ಯದಲ್ಲೇ, ಕಾರ್ಲೈಲ್ ಇಂಡಿಯನ್ ಇಂಡಸ್ಟ್ರಿಯಲ್ ಸ್ಕೂಲ್ ತೆರೆಯಿತು. ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಗಳಿಂದ ದೂರ ತಂದು, ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯಿನುಡಿ ಆಡದಂತೆ ಮಾಡಿ, ಮರಗೆಲಸ ಬಟ್ಟೆ ಒಗೆಯುವ ಕೆಲಸ ಕಲಿಸುತ್ತಿದ್ದ ಶಾಲೆ. ನಡೆಸಿದವರು ತಾವು ಉಪಕಾರ ಮಾಡುತ್ತಿದ್ದೇವೆಂದೇ ನಂಬಿದ್ದರು. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿಗಳನ್ನು ಇಲ್ಲಿ ನೆನೆಯಬೇಕು. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ತಂದ ಆಫ್ರಿಕಾದ ಗುಲಾಮರ ಸಂತತಿ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇರುವ ಸಮುದಾಯ. ಹಬ್ಶಿಗಳನ್ನು ಕೊಂಡು ತಂದವರಲ್ಲಿ ನಮ್ಮ ಸುಲ್ತಾನರೂ ಇದ್ದರೆಂಬುದನ್ನು ಮುಸ್ಲಿಂ ಓದುಗರು ಮರೆಯಬಾರದು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಹುಡುಗ ಹುಡುಗಿಯರನ್ನು ಆರಿಸಿ ತರಬೇತಿ ಶುರು ಮಾಡಿತು. ಆಫ್ರಿಕಾದ ಮೈಕಟ್ಟು, ಒಲಿಂಪಿಕ್ಸ್‌ನಲ್ಲಿ ಪದಕ ತಂದಾರು ಎಂಬ ಎಣಿಕೆ. ಕೆಲವರು ಚೆನ್ನಾಗಿ ಓಡಿದರು, ಪದಕ ತಂದರು. 1993ರಲ್ಲಿ ಯೋಜನೆ ನಿಂತಿತು, ಬಹುತೇಕರು ಕಾಡಿನಂಚಿನ ಮನೆಗಳಿಗೆ ಮರಳಿದರು. ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅವರ ಕಾಲುಗಳು ದೇಶಕ್ಕೆ ಕಂಡ ಎಷ್ಟೋ ವರ್ಷಗಳ ಮೇಲೆ ಅವರ ಹಕ್ಕು ಕಂಡಿತು.

ಚರಿತ್ರೆಯನ್ನು ಹೀಗೆ ತಿರುಚಿ ಬರೆಯುವುದು ಸರಿಯೇ ಎಂದು ಕೇಳುವವರಿದ್ದಾರೆ. ಇದಕ್ಕೆ ನಮ್ಮ ಸೀಮೆಯಲ್ಲೇ ಉದಾಹರಣೆ ಇದೆ. 2023ರ ಮಾರ್ಚ್ 12ರಂದು, ಬಿಡದಿಯ ಪಕ್ಕದಲ್ಲೇ ಹಾದುಹೋಗುವ ಬೆಂಗಳೂರು-ಮೈಸೂರು ಹೆದ್ದಾರಿಯ ಉದ್ಘಾಟನೆಗೆ ಪ್ರಧಾನಿ ಮಂಡ್ಯಕ್ಕೆ ಬಂದಾಗ ಅಲ್ಲಿ ಉರಿಗೌಡ, ನಂಜೇಗೌಡರ ಹೆಸರಿನ ಸ್ವಾಗತ ಕಮಾನು ಎದ್ದಿತ್ತು. ಟಿಪ್ಪುವನ್ನು ಕೊಂದವರು ಇಂಗ್ಲಿಷರಲ್ಲ, ಈ ಇಬ್ಬರು ಒಕ್ಕಲಿಗ ವೀರರು ಎಂದು ಪ್ರಚಾರ ನಡೆದಿತ್ತು. ಚುನಾವಣೆ ಹತ್ತಿರವಿತ್ತು. ಸಚಿವರೊಬ್ಬರು ಸಿನಿಮಾ ಮಾಡುವುದಾಗಿಯೂ ಸಾರಿದರು. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ ಅವರನ್ನು ಕರೆಸಿ ಮಾತಾಡಿದರು, ಆಧಾರವಿಲ್ಲದೆ ಇಂಥದನ್ನು ಬೆಳೆಸಬೇಡಿ ಎಂದರು. ಸಿನಿಮಾ ಅಲ್ಲಿಗೆ ನಿಂತಿತು. ಆ ದಿನಗಳಲ್ಲಿ ಎರಡು ಸಮುದಾಯಗಳ ನಡುವೆ ಹೊಸ ಹಗೆಯೊಂದು ಹುಟ್ಟದಂತೆ ತಡೆದ ಆ ಮಾತಿನ ಬೆಲೆ ದೊಡ್ಡದು. ಇದೂ ಬದಲಿ ಚರಿತ್ರೆಯೇ, ಐರ್ಲೆಂಡ್ ಬರೆದದ್ದೂ ಬದಲಿ ಚರಿತ್ರೆಯೇ. ಆದರೆ ಆಕೆ ಮೊದಲ ಪುಟದಲ್ಲೇ ಹೆಣಗಳನ್ನು ಎಬ್ಬಿಸಿ, ‘ಇದು ಕಟ್ಟುಕತೆ, ನೋಡಿಕೊಳ್ಳಿ’ ಎಂದು ಸನ್ನೆ ಮಾಡುತ್ತಾರೆ. ಒಂದು ಕಡೆ ದೊಡ್ಡ ಸುಳ್ಳು ಹೇಳಿ ಉಳಿದೆಡೆಯ ಸತ್ಯ ಎದ್ದು ಕಾಣುವಂತೆ ಮಾಡುತ್ತಾರೆ. ಆಕೆ ಕೇಳುವುದು ತನ್ನ ಜನರಿಗೆ ಏನಾಯಿತು ಎಂದು. ಕಮಾನಿನವರಿಗೆ ಬೇಕಾಗಿದ್ದದ್ದು ಪಕ್ಕದ ಮನೆಯವನಿಗೆ ಏನು ಮಾಡಬಹುದು ಎಂಬುದು.

ಕಾದಂಬರಿಯಲ್ಲಿ ಕ್ಯಾಥರೀನ್ ಎಂಬ ಇನ್ನೊಬ್ಬ ಹುಡುಗಿ ಇದ್ದಾಳೆ. ಕಪ್ಪು ಕುಲದವಳು, ಮೈಬಣ್ಣ ಮಾತ್ರ ಬಿಳಿ. ಸಮರ್‌ಲ್ಯಾಂಡಿನಲ್ಲಿ ಬಿಳಿಯಳೆಂದು ನಟಿಸಿ ಬದುಕಬೇಕಾಗುತ್ತದೆ. ನಟನೆ ಅವಳಿಗೆ ಸುಲಭ, ಸಹಿಸುವುದು ಕಷ್ಟ. ಬಾಡಿಗೆ ಮನೆ ಹುಡುಕುವಾಗ ಫೋನಿನಲ್ಲಿ ಬೇರೆ ಹೆಸರು ಹೇಳಿದ ನಮ್ಮ ಹುಡುಗಿಯರಿಗೆ ಈ ಭಾಗ ಬೇಗ ಅರ್ಥವಾದೀತು. ಹೆಸರು ಏನೆಲ್ಲ ಮಾಡಬಲ್ಲದು ಎಂಬುದನ್ನು 2021ರ ಮೇ 4ರಂದು ನಾವೆಲ್ಲ ಕಂಡೆವು. ಬೆಂಗಳೂರಿನ ಕೋವಿಡ್ ವಾರ್ ರೂಮ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಸಿಬ್ಬಂದಿ ಇದ್ದರು. ಸಂಸದ ತೇಜಸ್ವಿ ಸೂರ್ಯ ಹಾಸಿಗೆ ಹಗರಣದ ಮಾತೆತ್ತಿ ಓದಿದ್ದು ಅವರಲ್ಲಿ 17 ಮುಸ್ಲಿಮರ ಹೆಸರುಗಳನ್ನು. ಆ ಆರೋಪ ಅವರ ಮೇಲೆ ಸಾಬೀತಾಗಲಿಲ್ಲ. ಅದೇ ವಾರಗಳಲ್ಲಿ ಅದೇ ಬೆಂಗಳೂರಿನಲ್ಲಿ ಮರ್ಸಿ ಮಿಷನ್ನಿನ ಮುಸ್ಲಿಂ ಹುಡುಗರು ಪಿಪಿಇ ತೊಟ್ಟು ಎಲ್ಲ ಧರ್ಮದವರ ಶವಗಳನ್ನು ಅವರವರ ಪದ್ಧತಿಯಂತೆ ಮಣ್ಣಿಗೋ ಬೆಂಕಿಗೋ ಒಪ್ಪಿಸುತ್ತಿದ್ದರು. ಆ ಹುಡುಗರನ್ನು ಯಾರೂ ಮುಂದೆ ತಳ್ಳಿರಲಿಲ್ಲ, ತಾವಾಗಿ ಹೋಗಿದ್ದರು. ಜೇನ್‌ಗೂ ಅವರಿಗೂ ಇರುವ ವ್ಯತ್ಯಾಸ ಅದು. ಆದರೂ ‘ನೋಡಿ, ನಮ್ಮವರು ಎಂಥವರು’ ಎಂದು ಪುರಾವೆಯಂತೆ ಆ ಹುಡುಗರನ್ನು ಎತ್ತಿ ತೋರಿಸುವಾಗ ನನಗೆ ಇರುಸುಮುರುಸಾಗುತ್ತದೆ. ಮನುಷ್ಯನೆನಿಸಿಕೊಳ್ಳಲು ಒಬ್ಬ ಹೆಣ ಹೊರಬೇಕು, ಇನ್ನೊಬ್ಬ ಮನೆಯಲ್ಲಿ ಕೂತಿದ್ದರೆ ಸಾಕು ಎಂದಾದರೆ ಯುದ್ಧಶಾಲೆಯ ಕಾಯ್ದೆ ಇನ್ನೂ ಜಾರಿಯಲ್ಲಿದೆ.

ಈ ಪುಸ್ತಕವನ್ನು ಕನ್ನಡಕ್ಕೆ ತರುವವರಿಗೆ ಒಂದೆರಡು ತೊಡಕುಗಳಿವೆ. ಅದರಲ್ಲಿ ಹೆಣಗಳಿಗೆ ‘ಶ್ಯಾಂಬ್ಲರ್’ ಎನ್ನುತ್ತಾರೆ, ಕಾಲೆಳೆದುಕೊಂಡು ನಡೆಯುವವರು ಎಂಬರ್ಥದಲ್ಲಿ. ಅದಕ್ಕೆ ಯಾರಾದರೂ ಒಳ್ಳೆಯ ಹಳ್ಳಿಯ ಮಾತು ಹುಡುಕಿಯಾರು. ಬಿಳಿ ಹೆಂಗಸರ ಬೆಂಗಾವಲಿಗೆ ಪ್ರಾಣ ಒಡ್ಡಿ ನಿಲ್ಲುವ ಹುಡುಗಿಯರಿಗೆ ‘ಅಟೆಂಡೆಂಟ್’ ಎಂದು ಹೆಸರು. ಅದಕ್ಕೆ ಹುಡುಕುವ ಕೆಲಸವೇ ಇಲ್ಲ. ಅಟೆಂಡರ್ ಎಂಬ ಶಬ್ದ ಕನ್ನಡದಲ್ಲಿ ಬಹಳ ದಿನಗಳಿಂದ ಇದೆ, ಪ್ರತಿ ಕಚೇರಿಯ ಬಾಗಿಲ ಬಳಿಯೂ ಒಂದು ಸ್ಟೂಲಿನ ಮೇಲೆ ಕೂತಿದೆ.